ಐನೂರು ಪದದ ಖಾಲಿ ಚೌಕ

ನನಗೊಂದು ಚಟವಿದೆ. ಎಲ್ಲಾದರೂ ಖಾಲಿ ಚೌಕ ಕಂಡರೆ ಕೈ ತುರಿಸುತ್ತದೆ, ತುಂಬಿಬಿಡಬೇಕು. ಬ್ಯಾಂಕಿಗೆ ಹೋದರೆ ಪಕ್ಕದವರ ಚೀಟಿಯಲ್ಲಿ ಇಣುಕಿ, “ಪಿನ್ ಕೋಡ್ ಬಿಟ್ಟೀರಿ ನೋಡ್ರಿ” ಎನ್ನುತ್ತೇನೆ. ಅವರು ನನ್ನನ್ನು ಮೇಲೆ ಕೆಳಗೆ ನೋಡುತ್ತಾರೆ. ನೋಡಲಿ, ಪಿನ್ ಕೋಡ್ ಅಂತೂ ಬರೆಯುತ್ತಾರಲ್ಲ. ಒಮ್ಮೆ ನಿಲಂಗಾದ ದವಾಖಾನೆಯೊಂದರಲ್ಲಿ ಪಾಳಿ ಕಾಯುತ್ತ ಕೂತಿದ್ದೆ. ಗೋಡೆಗೆ ಸ್ವಚ್ಛತೆಯ ತಖ್ತೆ ತೂಗು ಹಾಕಿದ್ದರು. ‘ಕಸ ಗುಡಿಸಿದವರು’ ಎಂಬ ಸಾಲು ತಿಂಗಳುಗಟ್ಟಲೆ ಖಾಲಿ. ತಡೆಯಲಾಗಲಿಲ್ಲ. ಕಸಬರಿಗೆ ಹಿಡಿದು ಹೊರಟಿದ್ದ ಹೆಂಗಸನ್ನು ನಿಲ್ಲಿಸಿ ಹೆಸರು ಕೇಳಿ, ಆ ದಿನದ ಮುಂದೆ ಬರೆದು ಬಂದೆ. ಆಕೆಗೂ ಖುಷಿಯಾಯಿತು, ನನಗೂ ಸಮಾಧಾನವಾಯಿತು.

ಈ ಚಟ ಹುಟ್ಟಿದ್ದು ಹೊಟ್ಟೆಪಾಡಿನಿಂದ. ಗಡಿಗೆ ಹತ್ತಿದ ಮಹಾರಾಷ್ಟ್ರದ ಉಮರಗಾದ ತಹಸೀಲು ಕಚೇರಿಯ ಎದುರಿಗೆ ನಮ್ಮದೊಂದು ಅಂಗಡಿ ಇದೆ. ಝೆರಾಕ್ಸ್, ಪಾಸ್‌ಪೋರ್ಟ್ ಫೋಟೊ, ಆನ್‌ಲೈನ್ ಅರ್ಜಿ. ಯಂತ್ರಗಳ ಉಸಾಬರಿಯೆಲ್ಲ ನಮ್ಮ ಮನೆಯವರದು, ಬರವಣಿಗೆಯೆಲ್ಲ ನನ್ನದು. ಯೆಣೆಗೂರಿನಿಂದ, ದಾಳಿಂಬದಿಂದ ಶೇರ್ ಆಟೋದಲ್ಲಿ ಒತ್ತಿಕೊಂಡು ಬಂದ ಜನ ನನ್ನ ಮುಂದಿನ ಬಾಕಿನ ಮೇಲೆ ಕೂತು, ಎಲೆಯಡಿಕೆ ಬಾಯಲ್ಲಿಟ್ಟುಕೊಂಡೇ ತಮ್ಮ ಕತೆ ಹೇಳುತ್ತಾರೆ. ಅವರು ಹೇಳುವುದು ಕನ್ನಡದಲ್ಲಿ, ನಾನು ಬರೆಯುವುದು ಮರಾಠಿಯಲ್ಲಿ. ಗಂಡ ತೀರಿದವಳ ಪಿಂಚಣಿ, ಮಗಳ ಜಾತಿ ದಾಖಲೆ, ಹೊಲದ ಪಹಣಿ, ಅಂದರೆ ಇಲ್ಲಿಯವರ ಏಳು-ಬಾರಾ ಉತಾರೆ, ಒಂದೇ ಎರಡೇ? ಇಪ್ಪತ್ತು ವರ್ಷದಿಂದ ಊರವರ ಅಳು, ಸಿಟ್ಟು, ಆಸೆ ಎಲ್ಲವನ್ನೂ ಚೌಕಗಳಲ್ಲಿ ತುಂಬುತ್ತ ಬಂದಿದ್ದೇನೆ.

ಇಂಥ ನಾನು, ಕಳೆದ ತಿಂಗಳು, ಒಂದೇ ಒಂದು ಖಾಲಿ ಚೌಕದ ಮುಂದೆ ಆರು ದಿನ ಕೂತೆ. ಕೂತೆ ಅನ್ನುವುದೂ ಸುಳ್ಳು. ಕೂತಿದ್ದರೆ ಬರೆದಾದರೂ ಮುಗಿಯುತ್ತಿತ್ತು. ಕೂಡುವುದು, ಏಳುವುದು, ನೀರು ಕುಡಿಯುವುದು, ಝೆರಾಕ್ಸ್ ಯಂತ್ರದ ಗಾಜು ಒರೆಸುವುದು, ಒರೆಸಿದ್ದನ್ನೇ ಮತ್ತೆ ಒರೆಸುವುದು. ಮನೆಯವರು ನೋಡಿ ನೋಡಿ, “ಆ ಗಾಜ ಸವದು ತೂತ ಬಿದ್ದೀತು, ಬಿಡು ಮಾರಾಯ್ತಿ” ಎಂದರು.

ಆ ಚೌಕದ ಮೇಲೆ ಹೀಗೆ ಬರೆದಿತ್ತು: ‘ನಿಮ್ಮ ಬಗ್ಗೆ, ನಿಮ್ಮದೇ ಮಾತುಗಳಲ್ಲಿ, ಐನೂರು ಪದಗಳಿಗೆ ಮೀರದಂತೆ ಬರೆಯಿರಿ. ಈ ಕೋರ್ಸನ್ನು ಏಕೆ ಆರಿಸಿಕೊಂಡಿರಿ ಎಂಬುದನ್ನು ತಿಳಿಸಿರಿ.’

ಗಡಿಯಾಚೆಯ ಒಂದು ವಿಶ್ವವಿದ್ಯಾಲಯದಲ್ಲಿ ಅನುವಾದ ಕಲಿಸುವ ಎಂ.ಎ. ಶುರುವಾಗಿತ್ತು. ಮರಾಠಿಯಿಂದ ಕನ್ನಡಕ್ಕೆ, ಕನ್ನಡದಿಂದ ಮರಾಠಿಗೆ. ಶನಿವಾರ, ರವಿವಾರ ಮಾತ್ರ ತರಗತಿ. ಮುಂಜಾನೆ ಇಲ್ಲಿಂದ ಬಸ್ಸು ಹತ್ತಿದರೆ ಹೊತ್ತಿಗೆ ಸರಿಯಾಗಿ ಮುಟ್ಟಬಹುದು. ಬಿ.ಎ. ಮುಗಿಸಿ ಇಪ್ಪತ್ತೆರಡು ವರ್ಷ ಆದವಳಿಗೆ ಇದೆಲ್ಲ ಯಾಕೆ ಬೇಕಿತ್ತು ಅಂತೀರಾ? ಬೇಕಿತ್ತು. ಬಹಳ ಬೇಕಿತ್ತು. ಇಷ್ಟು ವರ್ಷ ಬೇರೆಯವರ ಮಾತನ್ನು ಈ ಭಾಷೆಯಿಂದ ಆ ಭಾಷೆಗೆ ದಾಟಿಸಿದವಳು ನಾನು. ಅದಕ್ಕೊಂದು ಹೆಸರಿದೆ, ಅದನ್ನು ಓದಬಹುದು, ಅದರಲ್ಲಿ ಪಾಸಾಗಬಹುದು ಎಂದು ತಿಳಿದ ದಿನ ನನಗೆ ಊಟ ಸೇರಲಿಲ್ಲ. ಶುಕ್ರವಾರ ಸಂಜೆ ಐದಕ್ಕೆ ಕೊನೆ. ನನಗೆ ಗೊತ್ತಾದದ್ದು ಹಿಂದಿನ ಶನಿವಾರ.

ಗೊತ್ತು ಮಾಡಿದವಳು ದಾಳಿಂಬದ ಪೂಜಾ. ಈ ಹುಡುಗಿಯ ಮುಂದೆ ನನ್ನ ಮರ್ಯಾದೆ ಹೋದ ಕತೆಯನ್ನು ಹೇಳಿಯೇ ಮುಂದೆ ಹೋಗುತ್ತೇನೆ, ಇಲ್ಲದಿದ್ದರೆ ಗಂಟಲಲ್ಲಿ ಕೂಡುತ್ತದೆ.

ಎರಡು ವರ್ಷದ ಹಿಂದೆ ಮೂವರು ಹುಡುಗಿಯರು ನರ್ಸಿಂಗ್ ಕಾಲೇಜಿನ ಅರ್ಜಿ ತುಂಬಿಸಲು ನಮ್ಮ ಅಂಗಡಿಗೆ ಬಂದಿದ್ದರು. ಒಬ್ಬಳು ದಾಳಿಂಬದವಳು, ಒಬ್ಬಳು ಯೆಣೆಗೂರಿನವಳು, ಇನ್ನೊಬ್ಬಳು ಶಿರೂರ ಅನಂತಪಾಳದಿಂದ ಸೋದರಮಾವನ ಮನೆಗೆ ಬಂದವಳು. ಅದರಲ್ಲೂ ‘ನರ್ಸ್ ಯಾಕೆ ಆಗಬೇಕೆಂದಿರುವಿರಿ’ ಎಂದು ಬರೆಯುವ ಚೌಕವಿತ್ತು. ಮೊದಲನೆಯವಳಿಗೆ ನಾನು ಮನಸ್ಸಿಟ್ಟು ಬರೆದೆ. ಚಿಕ್ಕಂದಿನಲ್ಲಿ ಅಜ್ಜಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋದದ್ದು, ಮೊಮ್ಮಗಳು ತುತ್ತು ಮಾಡಿ ಉಣ್ಣಿಸಿದ್ದು, ಅಜ್ಜಿ ಎಡಗೈಯಿಂದ ತಲೆ ಸವರಿದ್ದು. ಬರೆಯುತ್ತ ನನಗೇ ಕಣ್ಣು ತುಂಬಿತು. ಇಷ್ಟು ಚೆನ್ನಾಗಿ ಬಂದದ್ದನ್ನು ಒಮ್ಮೆಗೇ ಬಿಟ್ಟುಬಿಡುವುದೇ? ಉಳಿದ ಇಬ್ಬರಿಗೂ ಅದನ್ನೇ ಅಂಟಿಸಿ, ಹೆಸರು, ಊರು ಬದಲಿಸಿ ಕಳಿಸಿದೆ. ಹೊರಗೆ ಪಾಳಿ ಉದ್ದವಿತ್ತು, ಕರೆಂಟು ಹೋಗಿ ಬಂದು ಮಾಡುತ್ತಿತ್ತು.

ಮೂವರಿಗೂ ಲಾತೂರಿನಲ್ಲಿ ಒಂದೇ ದಿನ ಸಂದರ್ಶನ. ಮೂವರೂ ಒಬ್ಬರ ಹಿಂದೆ ಒಬ್ಬರು ಒಳಗೆ ಹೋಗಿದ್ದಾರೆ. ಮೂರನೆಯವಳು ಪೂಜಾ. ಒಳಗಿದ್ದ ಹಿರಿಯ ಮೇಡಂ ಕನ್ನಡಕ ತೆಗೆದಿಟ್ಟು, “ಯಾಕವ್ವಾ, ನಿಮ್ಮ ಅಜ್ಜಿ ಮೂರೂ ಊರಾಗ ಇರತಾಳೇನ?” ಎಂದು ಕೇಳಿದ್ದಾರೆ.

ಪೂಜಾ ಅಳಲಿಲ್ಲವಂತೆ. “ನಮ್ಮ ಅಜ್ಜಿಗಿ ಲಕ್ವಾ ಗಿಕ್ವಾ ಏನೂ ಇಲ್ರಿ. ಗಟ್ಟಿ ಅದಾಳ. ಹೋದ ವಾರ ಹಂದಿ ಹೊಲಾ ಹೊಕ್ಕರ ಒಬ್ಬಾಕಿನೇ ಬಡಿಗಿ ಹಿಡಿದು ಬೆನ್ನ ಹತ್ತಿ ಓಡಿಸ್ಯಾಳ. ನನಗ ರಕ್ತ ಕಂಡರ ಅಂಜಿಕಿ ಬರಂಗಿಲ್ರಿ, ಅದಕ್ಕ ಬಂದೀನಿ” ಎಂದಿದ್ದಾಳೆ. ಸೀಟು ಸಿಕ್ಕಿತು. ಉಳಿದಿಬ್ಬರಿಗೂ ಬೈದು ಬುದ್ಧಿ ಹೇಳಿ ಸೀಟು ಕೊಟ್ಟರು, ಅದು ನನ್ನ ಪುಣ್ಯ. ಆದರೆ ಪೂಜಾ ಬಸ್ಸಿಳಿದು ನೆಟ್ಟಗೆ ಅಂಗಡಿಗೆ ಬಂದು, ನಾಲ್ಕು ಜನರ ಎದುರಿಗೆ, “ಕಾಕು, ನೀವು ಬ್ಯಾರೆದವರದು ಬರೀಬ್ಯಾಡ್ರಿ. ನಿಮ್ಮದು ಬರೀರಿ ನೋಡೋಣ” ಎಂದಳು.

ಮರಾಠಿಯವರು ಚಿಕ್ಕಮ್ಮನಿಗೆ ಅನ್ನುವ ಹಾಗೆ ಹುಡುಗರೆಲ್ಲ ನನ್ನನ್ನು ಕಾಕು ಎನ್ನುತ್ತಾರೆ. ಆ ಕಾಕುವಿಗೆ ಈ ಸಲ ಅವಳೇ ಲಿಂಕು ಕಳಿಸಿದಳು, ಕೆಳಗೆ ಒಂದೇ ಸಾಲು: ‘ಈಗ ಬರೀರಿ.’

ಶನಿವಾರ ಶುರು ಮಾಡಿದೆ. ‘ನಾನು ಚಿಕ್ಕಂದಿನಿಂದಲೂ’ ಎಂದು ಬರೆದೆ. ಬರೆದ ಕೂಡಲೇ ಲಕ್ವಾ ಹೊಡೆದ ಅಜ್ಜಿ ಕಣ್ಣೆದುರಿಗೆ ಬಂದಳು. ಅಳಿಸಿದೆ. ರವಿವಾರ ಸಾರಿಗೆ ಎರಡು ಸಲ ಉಪ್ಪು ಹಾಕಿ, ಬೈಸಿಕೊಂಡು, ಮತ್ತೆ ಕೂತೆ. ಆಗ ಬಂದದ್ದು ಇದು: ‘ಸದರಿ ಅರ್ಜಿದಾರಳು ಮೇಲ್ಕಂಡ ವಿಳಾಸದಲ್ಲಿ ವಾಸವಾಗಿದ್ದು, ದಯಾಳುಗಳಾದ ತಾವು ಪ್ರಕರಣವನ್ನು ಸಹಾನುಭೂತಿಯಿಂದ ಪರಿಶೀಲಿಸಿ…’ ಮನೆಯವರು ಹಿಂದೆ ನಿಂತು ಓದಿದರು. “ಇದಕ್ಕ ಸೀಟ ಕೊಡಂಗಿಲ್ಲ. ಬೆಳಿ ಪರಿಹಾರ ಮಂಜೂರ ಮಾಡತಾರ” ಎಂದರು. ಸಿಟ್ಟು ಬಂತು, ನಗುವೂ ಬಂತು. ಅದನ್ನೂ ಅಳಿಸಿದೆ.

ಸೋಮವಾರ ಪೂಜಾ ಫೋನು ಮಾಡಿದಳು.

“ಕಾಕು, ಎಷ್ಟ ಪದ ಆದ್ವು?”

“ಒಂದು.”

“ಯಾವುದ್ರಿ?”

“ನಾನು.”

“ಮುಂದ?”

ಮುಂದೇನು? ಅದೇ ಆಗುತ್ತಿರಲಿಲ್ಲ. ಯಾಕೆ ಆಗುತ್ತಿಲ್ಲ ಎಂದು ನನಗೂ ಗೊತ್ತಿರಲಿಲ್ಲ. ಅರ್ಜಿಯ ಮೇಲಿನ ಚೌಕಗಳನ್ನು ಮೊದಲು ತುಂಬಿಕೊಳ್ಳೋಣ, ಕೈ ಸಡಿಲಾದೀತು ಎಂದು ಹಿಂದಕ್ಕೆ ಹೋದೆ. ಮೊದಲ ಚೌಕ: ‘ಅಂಕಪಟ್ಟಿಯಲ್ಲಿರುವಂತೆ ಹೆಸರು.’ ಟ್ರಂಕಿನ ತಳದಿಂದ ಬಿ.ಎ. ಅಂಕಪಟ್ಟಿ ತೆಗೆದೆ. ನೀಲಮ್ಮ ಎಂದಿತ್ತು. ಅದರ ಕೆಳಗಿನ ಚೌಕ: ‘ಗುರುತಿನ ಚೀಟಿಯಲ್ಲಿರುವಂತೆ ಹೆಸರು.’ ಅದರಲ್ಲಿ ಸುನಂದಾ ಎಂದಿತ್ತು. ಎರಡನ್ನೂ ಒಂದರ ಕೆಳಗೊಂದು ಬರೆದು ನೋಡುತ್ತ ಕೂತೆ. ನನ್ನ ಅಂಗಡಿಗೆ ಬಂದ ಇಬ್ಬರು ಬೇರೆ ಬೇರೆ ಗಿರಾಕಿಗಳ ಹಾಗೆ ಕಂಡರು.

ಇದರ ಕತೆ ಹೇಳಬೇಕು. ನನ್ನ ತವರು ಬಸವಕಲ್ಯಾಣದ ಕಡೆಯ ಹಳ್ಳಿ. ಉಮರಗಾಕ್ಕೂ ನಮ್ಮ ಊರಿಗೂ ನಡುವೆ ಹೆಚ್ಚೆಂದರೆ ಒಂದೂವರೆ ತಾಸಿನ ದಾರಿ, ಆದರೆ ಗಡಿ ದಾಟಿದರೆ ಮದುವೆಯ ಪದ್ಧತಿ ಬದಲಾಗುತ್ತದೆ. ಈ ಕಡೆ ಮರಾಠಿ ಮಂದಿಯ ಜೋಡಿ ಬಾಳಿ ಬಾಳಿ, ನಮ್ಮ ಲಿಂಗವಂತರ ಮನೆಗಳಲ್ಲೂ ಸೊಸೆಗೆ ಹೊಸ ಹೆಸರಿಡುವ ಪದ್ಧತಿ ಬಂದಿದೆ. ಮದುವೆಯ ದಿನ ತಾಟಿನ ತುಂಬ ಅಕ್ಕಿ ಹರವಿ, ಮದುಮಗ ಬಂಗಾರದ ಉಂಗುರದಿಂದ ಅದರಲ್ಲಿ ಹೆಸರು ಬರೆಯುತ್ತಾನೆ. ಅಂದಿನಿಂದ ಅವಳು ಅದೇ. ನಮ್ಮ ಕಡೆ ಇದಿಲ್ಲ. ನನಗೆ ಯಾರೂ ಹೇಳಿಯೂ ಇರಲಿಲ್ಲ. ಅಕ್ಕಿ ಬಂದಾಗ ಏನೋ ಶಾಸ್ತ್ರ ಎಂದುಕೊಂಡೆ. ತಾಟು ಅವರ ಕಡೆ ಮುಖ ಮಾಡಿತ್ತು, ನನಗೆ ಅಕ್ಷರ ತಲೆಕೆಳಗಾಗಿ ಕಂಡವು, ಅದೂ ಮರಾಠಿಯವು. ಜನ ಚಪ್ಪಾಳೆ ತಟ್ಟಿದರು. ನಾನೂ ಮೆಲ್ಲಗೆ ನಕ್ಕೆ. ಮರುದಿನ ಆ ಅಕ್ಕಿಯನ್ನೇ ಅನ್ನ ಮಾಡಿದರು. ನನ್ನ ಹೊಸ ಹೆಸರನ್ನು ತಿಳಿಯುವ ಮೊದಲೇ ತುಪ್ಪ ಕಲಸಿಕೊಂಡು ಉಂಡಿದ್ದೆ.

ಹೆಸರು ಬದಲಿಸಲು ಕಾರಣ ಬರೀ ಪದ್ಧತಿಯಲ್ಲ. ನಮ್ಮ ಅತ್ತೆಯ ಅತ್ತೆ, ಅಂದರೆ ಈ ಮನೆಯ ಹಿರಿಯಜ್ಜಿ, ಅವರ ಹೆಸರೂ ನೀಲಮ್ಮ. ಅವರು ನಾನು ಬರುವ ಮೊದಲೇ ತೀರಿದ್ದರು. ಆದರೂ ನಮ್ಮ ಅತ್ತೆ ಆ ಹೆಸರನ್ನು ಬಾಯಿಂದ ಅಂದವರೇ ಅಲ್ಲ. ಅತ್ತೆಯ ಹೆಸರು, ಗಂಡನ ಹೆಸರು ಹಿಡಿದು ಅನ್ನಬಾರದು. ಅಂದರೆ ಪಾಪ. ಇನ್ನು ಸೊಸೆಗೆ ಅದೇ ಹೆಸರಿದ್ದರೆ ಕರೆಯುವುದು ಹೇಗೆ? ಕರೆಯುವುದಿರಲಿ, ಬೈಯುವುದು ಹೇಗೆ? ನನ್ನನ್ನು ನಿರಾಳವಾಗಿ ಬೈಯಲಿಕ್ಕೆಂದೇ ನನ್ನ ಹೆಸರು ತೆಗೆದರು ಎಂದು ನಾನು ಈಗಲೂ ಮನೆಯವರಿಗೆ ಚುಚ್ಚುತ್ತೇನೆ. ಅವರು ಕೇಳಿಸದವರ ಹಾಗೆ ಯಂತ್ರಕ್ಕೆ ಕಾಗದ ತುಂಬುತ್ತಾರೆ.

ಕೇಳಿಸದಿರುವ ಮಾತು ಬಂದದ್ದಕ್ಕೆ ನೆನಪಾಯಿತು. ಮದುವೆಯಾದ ಹೊಸತರಲ್ಲಿ ಅತ್ತೆ ಹಿತ್ತಲಿಂದ “ಸುನಂದಾ” ಎಂದು ಕೂಗಿದರೆ ನಾನು ಅಕ್ಕಿ ಆರಿಸುತ್ತ ಕೂತೇ ಇರುತ್ತಿದ್ದೆ. ಮತ್ತೆ ಕೂಗುವರು. ಯಾರನ್ನೋ ಕರೆಯುತ್ತಿದ್ದಾರೆ, ಆ ಹುಡುಗಿಗೆ ಎಷ್ಟು ಸೊಕ್ಕು, ಓ ಅನ್ನಬಾರದೇ ಎಂದು ನಾನೇ ಮನಸ್ಸಿನಲ್ಲಿ ಬೈದುಕೊಳ್ಳುತ್ತಿದ್ದೆ. ಹದಿನೈದು ದಿನ ನೋಡಿ ಅತ್ತೆ ಮಗನನ್ನು ಪಕ್ಕಕ್ಕೆ ಕರೆದರು. “ಹುಡಗಿಗಿ ಕಿವಿ ಕೇಳಂಗಿಲ್ಲೋ ಯಪ್ಪಾ. ಬೀಗರು ಮುಚ್ಚಿಟ್ಟು ಮಾಡಿ ಕೊಟ್ಟಾರ.”

ಅತ್ತೆಯ ತವರು ಉದಗೀರ. ಅಲ್ಲಿ ಅವರಿಗೆ ಗುರುತಿನ ಕಿವಿ ಡಾಕ್ಟರರಿದ್ದರು. ಊರಲ್ಲಿ ಸುದ್ದಿಯಾಗದಿರಲಿ ಎಂದು ನನಗೆ ಗುಡಿಗೆ ಹೋಗೋಣ ಎಂದು ಹೇಳಿ ಅಲ್ಲಿಗೆ ಕರೆದುಕೊಂಡು ಹೋದರು. ಡಾಕ್ಟರು ನನ್ನನ್ನು ಗೋಡೆ ಕಡೆ ಮುಖ ಮಾಡಿ ಕೂಡಿಸಿ, ಹಿಂದಿನಿಂದ ಬಹಳ ಮೆಲ್ಲಗೆ, “ಹೆಸರೇನವ್ವಾ?” ಎಂದರು. “ನೀಲಮ್ಮ” ಎಂದೆ. “ಮುಂಜಾನೆ ಏನು ಉಂಡಿ?” “ಉಪ್ಪಿಟ್ಟು.” ಡಾಕ್ಟರು ಚೀಟಿ ನೋಡಿದರು, ನನ್ನನ್ನು ನೋಡಿದರು, ಬಾಗಿಲು ತೆಗೆದು ಅತ್ತೆಯನ್ನು ಕೇಳಿದರು: “ಬಾಯಿ, ಪೇಶಂಟು ಅದಲಿ ಬದಲಿ ಆಗ್ಯಾಳೇನ? ಸುನಂದಾ ಎಲ್ಲಿ ಅದಾಳ?”

ಅತ್ತೆಗೆ ತಿಳಿಯಿತು, ನನಗೂ ತಿಳಿಯಿತು. ಬಸ್ಸಿನಲ್ಲಿ ಮರಳಿ ಬರುವಾಗ ನಿಲಂಗಾ ದಾಟಿದ ಮೇಲೆ ಅತ್ತೆ ಸೆರಗಿನ ಗಂಟು ಬಿಚ್ಚಿ ಬೆಲ್ಲದ ಶೇಂಗಾ ಚಿಕ್ಕಿ ಮುರಿದು ಅರ್ಧ ನನ್ನ ಕೈಗಿಟ್ಟರು. “ರೂಢಿ ಆಗತದ ತಗೋ” ಎಂದರು. ನಿಜ, ಆಯಿತು. ಎಷ್ಟು ರೂಢಿಯಾಯಿತೆಂದರೆ, ಅಪ್ಪ ತೀರಿಕೊಂಡು, ಅವನ ಹಿಂದೆ ಅವ್ವನೂ ತೀರಿದ ಮೇಲೆ, ನನ್ನನ್ನು ನೀಲಮ್ಮ ಎನ್ನುವವರು ಈ ಭೂಮಿಯ ಮೇಲೆ ಯಾರೂ ಉಳಿಯಲಿಲ್ಲ ಎಂಬುದು ಕೂಡ ನನಗೆ ಹೊಳೆದಿರಲಿಲ್ಲ. ಅಂಕಪಟ್ಟಿ ಕೈಯಲ್ಲಿ ಹಿಡಿದ ಆ ಸೋಮವಾರ ಹೊಳೆಯಿತು. ಅಂಗಡಿಯಲ್ಲಿ ಗಿರಾಕಿಗಳಿದ್ದರು, ಆದರೂ ಅತ್ತುಬಿಟ್ಟೆ. ಕಣ್ಣಿಗೆ ಧೂಳು ಬಿತ್ತು ಎಂದು ಸುಳ್ಳು ಹೇಳಲಿಲ್ಲ, ಅಳು ಬಂತು, ಅಷ್ಟೇ.

ಮಂಗಳವಾರ ವಿಶ್ವವಿದ್ಯಾಲಯದ ಕಚೇರಿಗೆ ಫೋನು ಹಚ್ಚಿದೆ. ನಾನು ಊರವರಿಗೆಲ್ಲ ಯಾವ ದನಿಯಲ್ಲಿ ಹೇಳುತ್ತೇನೋ ಅದೇ ದನಿಯಲ್ಲಿ ಅಲ್ಲಿಯ ಗುಮಾಸ್ತರು ಹೇಳಿದರು. ಎರಡು ಹೆಸರಿದ್ದರೆ ಇಬ್ಬರೂ ಒಬ್ಬರೇ ಎಂದು ನೋಟರಿ ಮುಂದೆ ಪ್ರಮಾಣಪತ್ರ ಮಾಡಿಸಿ ಹಚ್ಚಬೇಕು. ಮದುವೆಯ ದಾಖಲೆ ಇದೆಯೇ? ಇಲ್ಲ. ಹಾಗಾದರೆ ಗಂಡನ ಮನೆಯ ಹಿರಿಯರೊಬ್ಬರು, ಹೆಸರು ಬದಲಾದಾಗ ಇದ್ದವರು, ಸಾಕ್ಷಿ ಹೇಳಬೇಕು. ಗಂಡನ ಸಹಿ ಬೇರೆ. ಇದಿಲ್ಲದಿದ್ದರೆ ಅರ್ಜಿ ತೆಗೆದುಕೊಳ್ಳುವುದಿಲ್ಲ.

ಮಾವ ಇಲ್ಲ. ಹಿರಿಯರೆಂದರೆ ನಮ್ಮ ಅತ್ತೆ ಒಬ್ಬರೇ. ಇನ್ನು ಶುರುವಾಯಿತು ನೋಡಿ ನನ್ನ ನಿಜವಾದ ಚಡಪಡಿಕೆ. ಅತ್ತೆಗೆ ಇನ್ನೂ ವಿಷಯವನ್ನೇ ಹೇಳಿರಲಿಲ್ಲ. ಎರಡು ದಿನ ಅವರ ಹಿಂದೆ ಮುಂದೆ ಸುಳಿದಾಡಿದೆ. ಪೂಜೆಗೆ ಕೂತಾಗ ಹೋಗಿ ಬಾಗಿಲಲ್ಲಿ ನಿಂತೆ, ರೊಟ್ಟಿ ಬಡಿಯುವಾಗ ಹೋಗಿ ಒಲೆಯ ಮುಂದೆ ನಿಂತೆ. ಗುರುವಾರ ಮುಂಜಾನೆ ಅವರು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕೂತವರು ತಲೆ ಎತ್ತದೆ, “ಏನ ಬೇಕ ನಿನಗ? ಎರಡ ದಿನದಿಂದ ಸುಟ್ಟ ಬೆಕ್ಕಿನಂಗ ತಿರಗಲತ್ತಿ” ಎಂದರು.

ಹೇಳಿದೆ. ಒಂದೇ ಉಸಿರಿನಲ್ಲಿ ಹೇಳಿದೆ.

“ಈ ವಯಸ್ಸಿನಾಗ ಸಾಲಿಗಿ ಹೋಗತೀ?”

“ಹೌದ್ರಿ ಅವ್ವಾ.”

“ಶನಿವಾರ, ಐತವಾರ ರೊಟ್ಟಿ?”

“ಮುಂಜಾನೆ ಎದ್ದು ಮಾಡಿಟ್ಟೇ ಹೋಗತೀನ್ರಿ.”

“ಆರಿದ ರೊಟ್ಟಿ ನಾ ತಿನ್ನಂಗಿಲ್ಲ.” ಬೇಳೆಯಲ್ಲಿಯ ಒಂದು ಹರಳನ್ನು ತೆಗೆದು ದೂರ ಎಸೆದರು. “ನಾನೇ ಬಡಕೋತೀನಿ. ಕೈ ಇನ್ನಾ ಅವ. ಮುಂದ?”

ಮುಂದಿನದು ಕಷ್ಟದ್ದು. ನೋಟರಿ ಮುಂದೆ ಅವರು ನನ್ನ ಹಳೆಯ ಹೆಸರು ಹೇಳಬೇಕಾಗುತ್ತದೆ ಎಂದೆ. ಮೊರ ನಿಂತಿತು. ಗೋಡೆಯ ಮೇಲೆ ಹಿರಿಯಜ್ಜಿಯ ಫೋಟೊ ಇದೆ, ಹಣೆಗೆ ದಿನವೂ ವಿಭೂತಿ ಹಚ್ಚುತ್ತಾರೆ. ಆ ಕಡೆ ನೋಡಿದರು.

“ಬರತೀನಿ,” ಎಂದರು. “ಹೆಬ್ಬಟ್ಟ ಅಂದರ ಹೆಬ್ಬಟ್ಟ ಒತ್ತತೀನಿ, ಸಹಿ ಅಂದರ ಸಹಿ ಮಾಡತೀನಿ. ಹೆಸರ ಮಾತ್ರ ನಾ ಅನ್ನಂಗಿಲ್ಲ. ಐವತ್ತ ವರ್ಷ ಅಂದಿಲ್ಲ, ಈಗ ನಿನ್ನ ಸಾಲಿ ಸಲುವಾಗಿ ಅನ್ನಲೇನ?”

ಅವರದು ತಪ್ಪು ಎಂದು ನಾನು ಹೇಗೆ ಅನ್ನಲಿ? ನಾನೂ ಇಪ್ಪತ್ತೆರಡು ವರ್ಷ ಮನೆಯವರ ಹೆಸರು ಅಂದಿಲ್ಲ, ನಮ್ಮ ಅಂಗಡಿಯ ಬೋರ್ಡಿನ ಮೇಲೆ ಅದನ್ನು ನಾನೇ ಬರೆಸಿದ್ದರೂ.

ಶುಕ್ರವಾರ ಮಧ್ಯಾಹ್ನದವರೆಗೆ ನೋಟರಿ ವಕೀಲರು ಕೋರ್ಟಿನಲ್ಲಿದ್ದರು. ಮೂರಕ್ಕೆ ಸಿಕ್ಕರು. ಐದಕ್ಕೆ ಅರ್ಜಿ ಮುಚ್ಚುತ್ತದೆ, ನನ್ನ ಚೌಕ ಇನ್ನೂ ಖಾಲಿ ಇದೆ, ಅತ್ತೆ ಇಳಕಲ್ ಸೀರೆ ಉಟ್ಟು ಮದುವೆಗೆ ಬಂದವರ ಹಾಗೆ ಕುರ್ಚಿಯ ತುದಿಗೆ ಕೂತಿದ್ದಾರೆ. ಮನೆಯವರು ಸಹಿ ಮಾಡಿ ಗೋಡೆಗೆ ಆತು ನಿಂತರು. ನನಗೆ ಕೂಡಲಾಗದೆ ಬಾಗಿಲಿಗೂ ಕಿಟಕಿಗೂ ಓಡಾಡುತ್ತಿದ್ದೆ. ವಕೀಲರು ನನ್ನ ಗುರುತಿನವರೇ, ದಿನಕ್ಕೆ ಹತ್ತು ಸಲ ಅವರ ಕಾಗದ ನಮ್ಮಲ್ಲೇ ಝೆರಾಕ್ಸ್ ಆಗುತ್ತವೆ. ಆದರೆ ಕುರ್ಚಿಯ ಮೇಲೆ ಕೂತರೆ ಅವರು ಗುರುತು ಮರೆಯುವ ಮನುಷ್ಯ.

“ಆಜಿ, ಈಕಿ ನಿಮಗ ಏನಾಗಬೇಕು?”

“ಸೊಸಿ.”

“ಹೆಸರು?”

“ಸುನಂದಾ.”

“ಲಗ್ನಕ್ಕಿಂತ ಮೊದಲ ಏನ ಹೆಸರಿತ್ತು?”

ಅತ್ತೆ ಸೆರಗು ಸರಿಮಾಡಿಕೊಂಡರು. “ನಮ್ಮ ಅತ್ತೇರ ಹೆಸರೇ ಇತ್ರಿ.”

“ಅತ್ತೇರ ಹೆಸರೇನು?”

“ಅದು ಹ್ಯಾಂಗ ಹೇಳಲ್ರಿ?”

“ಆಜಿ, ನೀವು ಹೇಳದ ನಾ ಹ್ಯಾಂಗ ಬರೀಲಿ?”

“ಕಾಗದದಾಗ ಬರದದಲ್ಲ, ಓದ್ಕೋರಿ. ಸಾಲಿ ಕಲ್ತೀರಿಲ್ಲ?”

ಮನೆಯವರು ಕೆಮ್ಮಿದರು. ವಕೀಲರು ಪೆನ್ನು ಕೆಳಗಿಟ್ಟರು. “ಹಂಗ ನಡೆಯಂಗಿಲ್ಲ. ನೀವು ನಿಮ್ಮ ಬಾಯಿಲೆ ಅನ್ನಬೇಕು, ನಾ ಕೇಳಬೇಕು. ಆಮ್ಯಾಗ ಶಿಕ್ಕಾ. ಇಲ್ಲಂದರ ಸೋಮವಾರ ಬರ್ರಿ, ಬ್ಯಾರೆ ಸಾಕ್ಷಿ ಕರಕೊಂಡು.”

ಸೋಮವಾರ! ನನ್ನ ಕಾಲು ಅಲ್ಲಿಯೇ ನಿಂತವು. ಬೇರೆ ಸಾಕ್ಷಿ ಎಲ್ಲಿದೆ? ಗಡಿಯಾರ ನೋಡಿದೆ, ಮೂರೂ ಇಪ್ಪತ್ತು. ಹೋಗಲಿ ಬಿಡ್ರಿ ಅವ್ವಾ, ಮನಿಗಿ ನಡೀರಿ ಎನ್ನಬೇಕೆಂದು ಬಾಯಿ ತೆರೆದೆ. ದೇವರಾಣೆಗೂ ಅನ್ನುವವಳಿದ್ದೆ. ಅಷ್ಟರಲ್ಲಿ ಅತ್ತೆ ಎದ್ದರು. ಹೊರಟರು ಎಂದುಕೊಂಡೆ. ಹೊರಡಲಿಲ್ಲ. ಕಾಲಿನ ಚಪ್ಪಲಿ ಬಿಟ್ಟು ಪಕ್ಕಕ್ಕೆ ಸರಿಸಿದರು. ಸೆರಗನ್ನು ತಲೆಯ ಮೇಲೆ ಹೊದ್ದರು. ಕೊರಳಿನ ಲಿಂಗವನ್ನು ಸೀರೆಯ ಮೇಲಿಂದಲೇ ಅಂಗೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, “ಯಪ್ಪಾ, ತಪ್ಪಾಗಿದ್ದರ ನನ್ನ ಪಾಲಿಗಿರಲಿ” ಎಂದು ತಮಗೆ ತಾವೇ ಅಂದುಕೊಂಡರು. ಆಮೇಲೆ ಕಣ್ಣು ತೆರೆದು, ವಕೀಲರ ಕಡೆಗಲ್ಲ, ನನ್ನ ಕಡೆ ತಿರುಗಿ, ಹಿತ್ತಲಿಂದ ಕೂಗುವಷ್ಟು ಗಟ್ಟಿಯಾಗಿ ಅಂದರು:

“ನೀಲಮ್ಮಾ!”

“ಓ!” ಎಂದೆ.

ಅನ್ನಬೇಕೆಂದು ಅಂದದ್ದಲ್ಲ. ತಾನಾಗಿಯೇ ಬಂತು. ತವರಿನಲ್ಲಿ ನನ್ನ ಅವ್ವ ಕರೆದಾಗ ಎಲ್ಲಿದ್ದರೂ ಹೇಗೆ ಬರುತ್ತಿತ್ತೋ ಹಾಗೆ, ಒಂದು ರೆಪ್ಪೆ ಬಡಿಯುವಷ್ಟೂ ತಡವಿಲ್ಲದೆ. ಹೊರಗೆ ವರಾಂಡದಲ್ಲಿ ಕೂತ ಕಕ್ಷಿದಾರರು ತಿರುಗಿ ನೋಡಿದರು. ಅತ್ತೆಯ ಮುಖ ಕೆಂಪಾಗಿತ್ತು. ಇಪ್ಪತ್ತೆರಡು ವರ್ಷದ ಹಿಂದೆ ನನ್ನನ್ನು ಕಿವಿ ಡಾಕ್ಟರರ ಬಳಿ ಕರೆದೊಯ್ದ ಹೆಂಗಸು ನನ್ನನ್ನೇ ನೋಡುತ್ತ, “ಕಿವಿ ಛಲೋ ಅವ ನೋಡ” ಎಂದರು.

ವಕೀಲರು ಇಬ್ಬರನ್ನೂ ನೋಡಿ ಶಿಕ್ಕಾ ಒತ್ತಿದರು. “ಸಾಕ್ರಿ ಆಜಿ. ಇದಕ್ಕಿಂತ ಹೆಚ್ಚಿನ ಪುರಾವೆ ನನಗ ಬ್ಯಾಡ.”

ಅಂಗಡಿಗೆ ಬಂದಾಗ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಆರು ದಿನ ಆಗದ್ದು ಮುಕ್ಕಾಲು ತಾಸಿನಲ್ಲಿ ಆಯಿತು. ‘ಇವತ್ತು ಮಧ್ಯಾಹ್ನ ನಮ್ಮ ಅತ್ತೆ ನನ್ನನ್ನು ಹೆಸರು ಹಿಡಿದು ಕರೆದರು’ ಎಂದು ಶುರು ಮಾಡಿದೆ. ಅದರ ಹಿಂದೆ ಅಕ್ಕಿಯ ತಾಟು ಬಂತು, ಉದಗೀರದ ಡಾಕ್ಟರು ಬಂದರು, ಕನ್ನಡದಲ್ಲಿ ಅತ್ತು ಮರಾಠಿಯಲ್ಲಿ ಅರ್ಜಿ ಕೊಡುವ ನನ್ನ ಬಾಕಿನ ಜನ ಬಂದರು. ಏಳುನೂರು ಪದವಾಯಿತು. ಇನ್ನೂರನ್ನು ಕಡಿಯಲು ಕೈ ಬರಲಿಲ್ಲ, ಆದರೂ ಕಡಿದೆ. ಅತ್ತೆ ಗಿರಾಕಿಗಳ ಬಾಕಿನ ಮೇಲೆ ಕೂತು, ಅಷ್ಟೂ ಹೊತ್ತು, ಒಳಗೆ ಬರುವವರಿಗೆಲ್ಲ “ಈಗಲ್ಲ, ಆಕಿ ತನ್ನದ ಬರಕೊಳ್ಳಲತ್ಯಾಳ” ಎಂದು ಹೇಳಿ ವಾಪಸು ಕಳಿಸಿದರು. ಐದಕ್ಕೆ ಎಂಟು ನಿಮಿಷ ಇರುವಾಗ ಗುಂಡಿ ಒತ್ತಿದೆ.

ಸೀಟು ಸಿಕ್ಕವರ ಯಾದಿ ಇನ್ನೂ ಬಂದಿಲ್ಲ. ನನ್ನ ಚಡಪಡಿಕೆ ನಿಂತಿದೆ ಎಂದುಕೊಳ್ಳಬೇಡಿ, ಈಗ ಅದು ಫೋನಿಗೆ ಅಂಟಿಕೊಂಡಿದೆ. ರೊಟ್ಟಿ ಬಡಿಯುವ ಕೈಯಲ್ಲೇ ತೆರೆದು ನೋಡುತ್ತೇನೆ, ಪರದೆಯ ತುಂಬ ಹಿಟ್ಟಾಗಿದೆ. ಪೂಜಾ ದಿನಾ ಸಂಜೆ ಕೇಳುತ್ತಾಳೆ. ಅತ್ತೆ ಮತ್ತೆ ಸುನಂದಾ ಎಂದೇ ಕರೆಯುತ್ತಾರೆ, ಆ ಇನ್ನೊಂದು ಹೆಸರನ್ನು ಅಂದಿನಿಂದ ಅಂದಿಲ್ಲ. ಅಂದ ಮರುದಿನ ಹಿರಿಯಜ್ಜಿಯ ಫೋಟೊಗೆ ಹೂವು ಏರಿಸಿ ಅರ್ಧ ದಿನ ಉಪವಾಸವಿದ್ದರು.

ನಿನ್ನೆ ನಾನು ಒಂಬತ್ತನೆಯ ಸಲವೋ ಹತ್ತನೆಯ ಸಲವೋ ಫೋನು ನೋಡಿ ಮುಖ ಸಣ್ಣದು ಮಾಡಿ ಕೂತಿದ್ದೆ. ಸೀಟು ಸಿಗದಿದ್ದರೆ ಏನು ಮಾಡುವುದು ಎಂದು ಬಾಯಿಬಿಟ್ಟೇ ಅಂದೆ. ಅತ್ತೆ ಮೊರವನ್ನು ದಪ್ಪೆಂದು ನೆಲಕ್ಕಿಟ್ಟರು.

“ಹ್ಯಾಂಗ ಸಿಗಂಗಿಲ್ಲ? ನಮ್ಮ ಅತ್ತೇರ ಹೆಸರ ನಾ ಬಾಯಿ ಬಿಟ್ಟು ಅಂದು ಬಂದೀನಿ. ಆ ಸಾಲಿಯವರು ಕೊಡದ ಹ್ಯಾಂಗ ಇರತಾರ, ನೋಡತೀನಿ!”